ಜಯಂತಿಯ ದಿನ ನೊಗ ಕಳಚಿದ ಲೋಕಮ್ಮ

ಲೋಕಮ್ಮ ಒಂಟಿಯಾಗಿ ನಡೆಯುವಾಗಲೂ ಪಕ್ಕದಲ್ಲೊಂದು ಎತ್ತಿದೆಯೆಂಬಂತೆಯೇ ನಡೆಯುತ್ತಾಳೆ. ಎಡಗೈ ಮೈಯಿಂದ ಗೇಣುದ್ದ ದೂರ, ಅಂಗೈ ಕೆಳಮುಖ, ಹೆಜ್ಜೆ ನಿಧಾನ; ಮೂವತ್ತು ವರ್ಷ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಡೆದ ದೇಹ ಎಡಕ್ಕೆ ತುಸು ವಾಲಿಯೇ ಉಳಿದುಬಿಟ್ಟಿದೆ. ಸೀರೆಯ ಮೇಲೊಂದು ಖಾಕಿ ಕೋಟು. ಅದು ಅಂಜನಾಪುರ ನಾಲೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದ ಗಂಡನದು. ಆತ ತೀರಿಕೊಂಡ ವರ್ಷವೇ ಆಕೆ ಕೋಟು ತೊಟ್ಟು ನೇಗಿಲು ಹಿಡಿದಳು. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆಂದು ಊರಿನ ಹಿರಿಯರು ಮನೆಬಾಗಿಲಿಗೆ ಬಂದು ಎಚ್ಚರಿಸಿದಾಗ, "ಹೋ... ತಡೀರಿ. ಮಳೆ ಬರದಿದ್ರೆ ಬಂದು ಹೇಳ್ರಿ" ಎಂದಳಂತೆ. ಆ ವರ್ಷ ಮಳೆ ಬಂತು, ಹಿರಿಯರು ಬರಲಿಲ್ಲ. "ಹೋ... ತಡಿ" ಎಂಬುದು ಎತ್ತಿಗೆ ಹೇಳುವ ಮಾತು, ಆಕೆ ಅದನ್ನು ತಹಶೀಲ್ದಾರರಿಗೂ ಹೇಳುತ್ತಾಳೆ, ಬಹುವಚನ ಸೇರಿಸಿ.

ಬಸವ ಜಯಂತಿಯ ದಿನ ಮಾತ್ರ ಲೋಕಮ್ಮನ ಎತ್ತುಗಳ ಹೆಗಲಿಗೆ ನೊಗ ತಾಗುವುದಿಲ್ಲ. ದಾವಣಗೆರೆಯಲ್ಲಿ ನೂರು ವರ್ಷಗಳ ಹಿಂದೆ ಆರಂಭವಾದ ಸಾರ್ವಜನಿಕ ಆಚರಣೆಯ ಚರಿತ್ರೆಯನ್ನಾಗಲಿ, ಸರ್ಕಾರ ರಜೆ ಕೊಟ್ಟ ಕಥೆಯನ್ನಾಗಲಿ ಆಕೆ ಅರಿಯಳು. ವೈಶಾಖದ ಆ ಬೆಳಿಗ್ಗೆ ಎತ್ತುಗಳ ಮೈತೊಳೆದು, ಅರಿಸಿನ ಹಚ್ಚಿ, ಮೊದಲ ಹೋಳಿಗೆಯನ್ನು ಅವುಗಳ ಬಾಯಿಗಿಟ್ಟ ಮೇಲೆಯೇ ತಾನು ಉಣ್ಣುವುದು. "ವರ್ಷದಾಗ ಒಂದು ದಿನ ಅವ್ರದು ಐತ್ರಿ" ಎನ್ನುತ್ತಾಳೆ. ನಮ್ಮ ಭಾಷೆಯಲ್ಲಿ ಎತ್ತಿಗೂ ಶರಣನಿಗೂ ಬಸವಣ್ಣನೆಂಬ ಒಂದೇ ಹೆಸರಿರುವುದು ಆಕೆಗೆ ಶ್ಲೇಷೆಯಲ್ಲ, ನಿಜ.

ಮೂರು ವರ್ಷದ ಹಿಂದೆ ಶಿಕಾರಿಪುರದ ಜಯಂತಿ ಸಮಿತಿಗೆ ಎತ್ತುಗಳು ಬೇಕಾದವು. ಅಧ್ಯಕ್ಷ ಮಹಾಂತೇಶ್ ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರಿ. ಊರಿನ ಕೊಟ್ಟಿಗೆಗಳು ಬರಿದಾಗಲು ಯಾವ ಯಂತ್ರ ಕಾರಣವೋ ಅದರಿಂದಲೇ ಬೆಳೆದವನು, ಮೆರವಣಿಗೆಯ ಅಂದಕ್ಕಾಗಿ ಜೋಡೆತ್ತು ಹುಡುಕುತ್ತಾ ಆಕೆಯ ಮನೆಗೆ ಹೋದ. "ಎಳಿಯೋದು ಬ್ಯಾಡಮ್ಮ, ಮುಂದೆ ನಡೆದ್ರೆ ಸಾಕು. ಪೂಜೆ ಮಾಡಿ ಕಳಿಸ್ತೀವಿ" ಎಂದ. ಆಕೆ ನಂಬಿದಳು.

ಜಯಂತಿಯ ಬೆಳಿಗ್ಗೆ ಎತ್ತುಗಳು ಬಂದೊಡನೆ "ಫೋಟೋಕ್ಕೆ ಅಷ್ಟೇ" ಎನ್ನುತ್ತಾ ಸಿಂಗರಿಸಿದ ಬಂಡಿಗೆ ಕಟ್ಟಿದರು. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡಕ್ಕೆ. ಅಷ್ಟು ಹೊತ್ತೂ ಪ್ರಾಣಿಗಳು ಬಿಸಿಲಲ್ಲಿ, ಆಳೆತ್ತರದ ಸ್ಪೀಕರುಗಳ ಪಕ್ಕ, ನೊಗ ಹೊತ್ತು ನಿಂತಿದ್ದವು. ಆಮೇಲೆ ಬಸವಣ್ಣನ ಭಾವಚಿತ್ರದ ಜೊತೆಗೆ ಐವರು ಅತಿಥಿಗಳು ಬಂಡಿ ಹತ್ತಿದರು. ಹೇಳಲು ನಾಚಿಕೆಯಾಗುತ್ತದೆ: ಸೊರಬದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು, ಅಂದಿನ ಉಪನ್ಯಾಸಕ, ಆ ಐವರಲ್ಲೊಬ್ಬ. ಕಾಯಕ ಮತ್ತು ದಯೆ ನನ್ನ ವಿಷಯ.

ಕಾದ ಡಾಂಬರಿನ ಮೇಲೆ ಬಂಡಿ ಹೊರಟಿತು. ಲೋಕಮ್ಮ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆದಳು. ಬಸ್‌ ನಿಲ್ದಾಣದ ಬಳಿ, ತಲೆಮಾರುಗಳಿಂದ ಎತ್ತುಗಳಿಗೆ ಲಾಳ ಕಟ್ಟುವ ಮನೆತನದ ಮುಬಾರಕ್ ಗುಂಪಿನೊಳಗಿಂದ ಕೂಗಿದ: "ಲೋಕಮ್ಮಾ, ಬಲಗಡೆದಕ್ಕೆ ಲಾಳ ಕಳಚೈತೆ! ರಕ್ತ ಬರ್ತೈತೆ, ನೋಡು!"

"ಹೋ... ತಡಿ."

ಬಂಡಿ ನಿಂತಿತು. ಆಕೆ ಬಗ್ಗಿ ಗೊರಸನ್ನು ನೋಡಿದಳು; ಎದ್ದು ಕೊರಳ ಹಗ್ಗಕ್ಕೆ ಕೈಹಾಕಿದಳು. "ಇಳೀರಿ ಮೇಷ್ಟ್ರೇ, ಎತ್ತು ಬಿಟ್ಟರೆ ಬಂಡಿ ಮೂತಿ ಕೆಳಗೆ ಬೀಳ್ತೈತಿ." ನಾನು ಇಳಿದೆ. ಉಳಿದವರೂ ಪಂಚೆ ಸರಿಪಡಿಸಿಕೊಳ್ಳುತ್ತಾ ಇಳಿದರು. ಮಹಾಂತೇಶ್ ಓಡಿಬಂದ: "ಬಸವಣ್ಣನ ಫೋಟೋ ಇರೋ ಬಂಡೀನ ನಡುರಸ್ತೇಲಿ ಬಿಟ್ಟು ಹೋಗ್ತೀಯಾ?"

"ಫೋಟೋ ನೀವು ಎಳಕೊಂಡು ಹೋಗ್ರಿ. ನಾನು ಬಸವಣ್ಣನ್ನ ಮನೀಗೆ ಕರ್ಕೊಂಡು ಹೋಗ್ತೀನಿ."

ಅರ್ಧ ಗಂಟೆಯ ನಂತರ ನಾನು ದಯೆಯ ಮೇಲೆ ಮಾತಾಡಿದೆ. ಚಪ್ಪಾಳೆ ಬಿತ್ತು. ಆಕೆಯ ಹೆಸರು ನನ್ನ ಬಾಯಿಂದ ಬರಲಿಲ್ಲ.

ಮರುವಾರ ಸಮಿತಿ ಆಕೆಯನ್ನು ಕರೆಸಿತು; ನಾನೂ ಆ ಸಭೆಯಲ್ಲಿದ್ದೆ. ಮಹಾಪುರುಷರಿಗೆ ಅವಮಾನ ಮಾಡಿದ್ದಕ್ಕೆ ಕ್ಷಮೆ ಕೇಳಬೇಕಂತೆ! ಆಕೆ ಕೋಟು ತೊಟ್ಟು ಬಂದು ನಿಂತೇ ಹೇಳಿದಳು: "ತಪ್ಪಾಗೈತ್ರಿ. ನೊಗ ಇಡಬ್ಯಾಡ್ರಿ ಅಂತ ಮೊದಲೇ ಅನ್ನಬೇಕಿತ್ತು, ಅನ್ನಲಿಲ್ಲ. ಅದನ್ನ ಎತ್ತಿನ ಮುಂದೆ ಒಪ್ಕೊಂಡೀನಿ. ನಿಮ್ಮ ಮುಂದೆ ಯಾಕೆ?" ಆಗ ನನ್ನ ನಾಲಿಗೆ ಸಡಿಲವಾಯಿತು. ಕ್ಷಮೆ ಕೇಳಬೇಕಾದವರು ಬಂಡಿ ಹತ್ತಿದವರು, ನಾನೂ ಸೇರಿ, ಎಂದೆ. ತಡವಾಗಿ ಬಂದ ಮಾತಿಗೆ ಬೆಲೆಯಿರಲಿಲ್ಲ. ಮುಂದಿನ ಭಾಷಣಕಾರರ ಪಟ್ಟಿಯಿಂದ ನನ್ನನ್ನು ತೆಗೆದರು, ಅಷ್ಟೆ. ಆಕೆಗಾದ ಶಿಕ್ಷೆ ದೊಡ್ಡದು. ಆ ಮುಂಗಾರಿನಲ್ಲಿ ಕೂಲಿಗೆ ಹೊಲ ಉಳಲು ಆಕೆಯನ್ನು ಕರೆಯಬಾರದೆಂದು ಮಾತು ಹಬ್ಬಿತು. ವರ್ಷವೂ ಕರೆಯುತ್ತಿದ್ದವರು ಮುಖ ತಿರುಗಿಸಿದರು. ಎತ್ತು ಎರಡು ತಿಂಗಳು ಕುಂಟಿತು. ಮುಬಾರಕ್ ವಾರವಾರ ಹೋಗಿ ಗೊರಸು ತೊಳೆದು ಔಷಧಿ ಕಟ್ಟಿದ. ಅದು ಈಗ ನಡೆಯುತ್ತದೆ. ಕಲ್ಲುನೆಲದಲ್ಲಿ ಮಾತ್ರ ಹೆಜ್ಜೆ ತಡೆದಿಡುತ್ತದೆ.

ಮರುವರ್ಷ ಸಮಿತಿ ಟ್ರ್ಯಾಕ್ಟರಿನ ಮೇಲೆ ಫೈಬರಿನ ಎರಡು ಎತ್ತುಗಳನ್ನು ನಿಲ್ಲಿಸಿ ಮೆರೆಸಿತು. ಜನ ಮುಗಿಬಿದ್ದು ಸೆಲ್ಫಿ ತೆಗೆದುಕೊಂಡರು. ನಾನು ಆ ಬೆಳಿಗ್ಗೆ ಲೋಕಮ್ಮ ಎತ್ತುಗಳ ಮೈತೊಳೆಯುವ ನಾಲೆಗೆ ಹೋದೆ. ಮುಬಾರಕ್ ಆಗಲೇ ನೀರಿಗಿಳಿದಿದ್ದ. ಏನೋ ಹೇಳಹೊರಟ ನನ್ನ ಕೈಗೆ ಲೋಕಮ್ಮ ತೆಂಗಿನ ನಾರು ಕೊಟ್ಟು, "ಭಾಷಣ ಬ್ಯಾಡ್ರಿ ಮೇಷ್ಟ್ರೇ, ಬೆನ್ನು ಉಜ್ಜ್ರಿ" ಎಂದಳು.

ಉಜ್ಜಿದೆ. ಬಸವಣ್ಣನಂಥ ಹಿರಿಯರ ಹೆಸರಿನಲ್ಲಿ ರಜೆ ಸಾರುವುದು, ಹಾರ ಹಾಕುವುದು, ಕೊರಳೆತ್ತಿ ಜಯಕಾರ ಮಾಡುವುದು ನಮ್ಮಂಥವರಿಗೆ ಕರಗತ. ಆ ಹಿರಿಯರು ಬದುಕಿನಲ್ಲಿ ಏನನ್ನು ಕೇಳಿದರೋ ಅದನ್ನು ಪಾಲಿಸಲು ಮಾತ್ರ ನಮಗೆ ಪುರಸೊತ್ತಿಲ್ಲ. ಪಾಲಿಸುವವರು ಬೇರೆಯೇ ಇದ್ದಾರೆ. ಅವರಿಗೆ ವೇದಿಕೆಯಿಲ್ಲ, ಆಹ್ವಾನ ಪತ್ರಿಕೆಯಲ್ಲಿ ಹೆಸರಿಲ್ಲ. ಧರ್ಮವನ್ನು ವಿವರಿಸಲು ಬಾರದ ಅವರು ಅದಕ್ಕೆ ಎಲ್ಲಿ ನೋವಾಗುತ್ತಿದೆಯೆಂಬುದನ್ನು ನಮಗಿಂತ ಮೊದಲು ಕಾಣುತ್ತಾರೆ. ಕಂಡ ಮೇಲೆ ಒಂದು ಹೆಜ್ಜೆಯೂ ಮುಂದಿಡಲಾರರು. ಅವರು ಹಾಗೆ ನಿಂತಾಗಲೆಲ್ಲ ನಾವು ಮೆರವಣಿಗೆ ಕೆಟ್ಟಿತೆಂದು ಕೂಗುತ್ತೇವೆ.