ನೋಯದ ಬೆರಳಿಗೆ ಬೆನ್ನು ತಟ್ಟಿದೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ನನ್ನದು, ಸೂಜಿ ನನ್ನ ತಂಗಿಯದು. ಗುಂಡಿ, ಗುಂಡಿ ತೂರಿಸೋ ಕಾಜಾ, ಅಂಚಿನ ಕೈಹೊಲಿಗೆ ಎಲ್ಲಾ ಅವಳದೇ. ಬಾಯಿ ಮಾತ್ರ ನನಗೆ ಜಾಸ್ತಿ. ಆ ಬಾಯಿಂದಲೇ ಕೆಟ್ಟೆ, ಅದಕ್ಕೇ ಈ ಕಥೆ ನಾನೇ ಹೇಳ್ಬೇಕು.

ತಂಗಿಗೆ ಆರು ವರ್ಷದಿಂದ ಥೈರಾಯ್ಡ್. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಎರಡು ವರ್ಷದ ಹಿಂದೆ ಅವಳಿಗೆ ಸುಸ್ತು ಶುರುವಾಯ್ತು.

"ಅಕ್ಕಾ, ಕೈಕಾಲು ಜುಮ್ಮು ಅಂತಿದೆ."

"ಥೈರಾಯ್ಡ್ ಕಣೇ."

"ನಾಲಿಗೇನೂ ಉರಿಯುತ್ತೆ."

"ಅದೂ ಥೈರಾಯ್ಡೇ!"

ರಕ್ತ ಪರೀಕ್ಷೆ ಮಾಡಿಸಿದ್ರೆ ಥೈರಾಯ್ಡ್ ಹತೋಟಿಯಲ್ಲೇ ಇದೆ ಅಂತ ಬಂತು. ಆದ್ರೂ ನಾನು ಪಟ್ಟು ಬಿಡಲಿಲ್ಲ. ಅಂಗಡಿ ಬಾಗಿಲು ಕಿರುಗುಟ್ಟಿದ್ರೂ ಥೈರಾಯ್ಡ್ ಮೇಲೇ ಹಾಕ್ತಿದ್ದೆ.

ಒಂದಿನ ಬಿಳಿ ಅಂಗಿ ಮೇಲೆ ರಕ್ತದ ಚುಕ್ಕೆ. ಬಟ್ಟೆ ಹಾಳಾಯ್ತು ಅಂತ ಕೂಗಾಡಿದೆ. ನೋಡಿದ್ರೆ ಸೂಜಿ ಅವಳ ಬೆರಳಿಗೆ ನಾಟಿಕೊಂಡಿದೆ, ಅವಳಿಗೆ ಗೊತ್ತೇ ಇಲ್ಲ! ನಮ್ಮ ಕಸುಬಲ್ಲಿ ಚುಚ್ಚಿಸಿಕೊಂಡೂ ಚುಚ್ಚಿಸಿಕೊಂಡೂ ಬೆರಳ ತುದಿ ಗಟ್ಟಿಯಾಗುತ್ತೆ, ನೋವು ಅಷ್ಟಾಗಿ ತಿಳಿಯಲ್ಲ. ಹಾಗಾದ್ರೆ ಕೈ ಕುದುರಿತು ಅಂತೀವಿ. "ಭಲೇ, ಈಗ ನೀನು ಪಕ್ಕಾ ದರ್ಜಿ" ಅಂತ ಅವಳ ಬೆನ್ನು ತಟ್ಟಿದೆ. ಪಾಪ, ಅವಳೂ ನಕ್ಕಳು.

ಕೋಟು ಹೊಲಿಸೋಕೆ ಅಂತ ಅಳತೆ ಕೊಡಲು ಬಂದಿದ್ದ ನರ್ಸಮ್ಮ ಮಾತ್ರ ನಗಲಿಲ್ಲ. ತಂಗಿಯ ಕೈ ಹಿಡಿದು ನೋಡಿದ್ರು.

"ಎರಡೂ ಕೈ ಹೀಗೇನಾ? ಪಾದಾನೂ? ನಿಮ್ಮ ಥೈರಾಯ್ಡ್ ಯಾವ ಥರದ್ದು ಅಂತ ಡಾಕ್ಟರ್ ಹೇಳಿದಾರಾ?"

"ದೇಹದ ರಕ್ಷಣಾ ಶಕ್ತಿಯೇ ತಪ್ಪು ತಿಳಿದು ಥೈರಾಯ್ಡ್ ಗ್ರಂಥಿಗೆ ಹೊಡೆಯೋ ಥರದ್ದಂತೆ" ಅಂದಳು ತಂಗಿ.

"ಹಾಗಾದ್ರೆ ತಡ ಮಾಡ್ಬೇಡಿ. ಅಂಥವರಲ್ಲಿ ಕೆಲವರಿಗೆ ಅದೇ ತಪ್ಪು ಬೇರೆ ಕಡೆನೂ ಆಗುತ್ತೆ. ಹೊಟ್ಟೆ ಬಿ12 ಅನ್ನೋ ವಿಟಮಿನ್ ಹೀರಿಕೊಳ್ಳಲ್ಲ, ಆಗ ನರ ಸೊರಗುತ್ತೆ. ಇನ್ನು ಕೆಲವರಿಗೆ ಸಕ್ಕರೆ ಕಾಯಿಲೆ, ಕೀಲುವಾತ, ಚರ್ಮದ ಮೇಲೆ ಬಿಳಿ ಮಚ್ಚೆ. ಗೋಧಿ ಒಗ್ಗದೆ ಹೊಟ್ಟೆ ಕೆಡೋದೂ ಉಂಟು. ಎಲ್ಲರಿಗೂ ಬರಲ್ಲ, ಆದ್ರೆ ಲಕ್ಷಣ ಕಂಡ್ರೆ ಪರೀಕ್ಷೆ ಮಾಡಿಸ್ಲೇಬೇಕು."

"ಸುಮ್ನಿರಿ ಸಿಸ್ಟರ್! ಇರೋ ಒಂದು ಕಾಯಿಲೆಗೇ ಸಾಕಾಗಿದೆ, ನೀವು ಬೇರೆ ನಾಲ್ಕು ತಂದು ತಲೆಗೆ ಕಟ್ತೀರಲ್ಲ. ಶಾಲೆಯವರ ಇನ್ನೂರು ಸಮವಸ್ತ್ರ ಬಾಕಿ ಇದೆ. ಆಮೇಲೆ ನೋಡೋಣ" ಅಂದೆ.

ತಂಗಿ ನನ್ನ ಮುಖ ನೋಡಿದಳು. ಅವಳಿಗೆ ಹೋಗೋ ಮನಸ್ಸಿತ್ತು. ನನ್ನ ಮಾತು ಮೀರಿ ಗೊತ್ತಿಲ್ಲ ಅವಳಿಗೆ.

ಐದು ತಿಂಗಳು ಹೋಯ್ತು. ಗುಂಡಿಗಳು ಅವಳ ಕೈಯಿಂದ ಜಾರಿ ಜಾರಿ ಬೀಳೋವು, ನಾನು ಬೈಯೋಳು. ಒಂದು ಮಧ್ಯಾಹ್ನ ಅಂಗಡಿ ಮೆಟ್ಟಿಲಿಳಿಯುವಾಗ ಬಿದ್ದೇಬಿಟ್ಟಳು. "ಅಕ್ಕಾ, ಕಾಲಿಗೆ ಮೆಟ್ಟಿಲೇ ತಿಳೀಲಿಲ್ಲ" ಅಂದಳು. ಅವತ್ತೇ ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಓಡಿದೆ.

ಡಾಕ್ಟರ್ ಪರೀಕ್ಷೆ ಮಾಡಿಸಿ ಹೇಳಿದ್ರು, "ಬಿ12 ತೀರಾ ಕಮ್ಮಿ ಇದೆ. ಥೈರಾಯ್ಡ್ ಮಾತ್ರೆ ಥೈರಾಯ್ಡಿಗೆ ಮಾತ್ರ ಕಣಮ್ಮ, ಇದಕ್ಕಲ್ಲ. ಇನ್ಮೇಲೆ ಜೀವನಪೂರ್ತಿ ಇಂಜೆಕ್ಷನ್ ಬೇಕಾಗಬಹುದು."

"ಬೆರಳು ಮೊದಲಿನ ಹಾಗಾಗುತ್ತಲ್ವಾ?" ಅಂತ ಕೇಳಿದೆ.

"ಶುರುವಿನಲ್ಲೇ ಬಂದಿದ್ರೆ ಭರವಸೆ ಕೊಡಬಹುದಿತ್ತು. ಈಗ ಎಷ್ಟು ಬರುತ್ತೋ ಅಷ್ಟು."

ವರ್ಷವಾಯ್ತು. ಸುಸ್ತು ಹೋಯ್ತು, ನಾಲಿಗೆ ಉರಿ ಹೋಯ್ತು. ಗೋಡೆ ಹಿಡಿದು ನಡೀತಾಳೆ. ಬೆರಳಿನ ಸ್ಪರ್ಶ ಮಾತ್ರ ಬರಲಿಲ್ಲ. ಗುಂಡಿ ಕೈಲಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿಯೇ ತಿಳೀಬೇಕು. ಕಾಜಾ ಕೆಲಸ ಈಗ ಹೊರಗೆ ಕೊಡ್ತೀವಿ. ಅವಳು ಮೂಲೆಯಲ್ಲಿ ಕೂತು ಹೊಲಿದ ಅಂಗಿ ಮಡಿಸ್ತಾಳೆ. ಒಂದು ದಿನವಾದ್ರೂ ನನ್ನನ್ನ ಬೈದಿದ್ರೆ ಎಷ್ಟೋ ಹಗುರಾಗ್ತಿತ್ತು. ಬೈಯಲ್ಲ ಅವಳು.

ಈ ಕಾಯಿಲೆ ಒಡಹುಟ್ಟಿದವರಲ್ಲೂ ಇರಬಹುದು, ನೀವೂ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಹೇಳಿದ್ರು. ನಾನು ಮತ್ತೆ "ಆಮೇಲೆ ನೋಡೋಣ" ಅಂದೆ. ತಂಗಿ ಮೊದಲ ಸಲ ನನ್ನ ಮಾತು ಮೀರಿದಳು. "ಇವತ್ತೇ, ಏಳು" ಅಂತ ಆ ಮರಗಟ್ಟಿದ ಕೈಯಲ್ಲೇ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ನನಗೂ ಥೈರಾಯ್ಡ್ ಶುರುವಾಗಿತ್ತು, ಬಿ12 ಕೂಡ ಇಳಿದಿತ್ತು. ಬೇಗ ಸಿಕ್ಕಿದ್ದಕ್ಕೆ ನನ್ನ ಹತ್ತು ಬೆರಳೂ ಉಳಿದವು. ಅವಳನ್ನ ತಡೆದವಳು ನಾನು, ಉಳಿದದ್ದು ನನ್ನ ಬೆರಳು. ಈ ಸಂಕಟ ಯಾರ ಹತ್ರ ಹೇಳ್ಕೊಳ್ಳಲಿ?

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೇಲಿ ಥೈರಾಯ್ಡ್ ಇರೋರು ಸುಸ್ತು, ಜುಮ್ಮು, ಮರಗಟ್ಟುತ್ತೆ ಅಂತ ಹೇಳಿದ್ರೆ ನನ್ನ ಹಾಗೆ ಕೂತಲ್ಲೇ ತೀರ್ಪು ಕೊಡ್ಬೇಡಿ. ಮಾತ್ರೆ ನೀವಾಗೇ ಹೆಚ್ಚಿಸ್ಬೇಡಿ, ನಿಲ್ಲಿಸ್ಲೂಬೇಡಿ. ಡಾಕ್ಟರ ಹತ್ರ ಕರ್ಕೊಂಡು ಹೋಗಿ, "ಇದರ ಜೊತೆಗೆ ಬೇರೇನಾದ್ರೂ ಇದೆಯಾ ನೋಡಿ" ಅಂತ ಕೇಳಿ. ಅಷ್ಟು ಕೇಳೋಕೆ ನಾನು ಐದು ತಿಂಗಳು ತಗೊಂಡೆ. ನೀವು ಇವತ್ತೇ ಕೇಳಿ.