ಬೋರಲು ಬಟ್ಟಲು

ಕಮಲಾಪುರದ ನಬಿಸಾಬನಿಗೆ ಹೊಲವಿರಲಿಲ್ಲ, ಹೇಳಿಕೊಳ್ಳುವ ಮನೆತನವೂ ಇರಲಿಲ್ಲ. ಇದ್ದದ್ದು ಒಂದು ಮಾತು: ‘ನಬಿಸಾಬನ ತೊಗಲು ಹನಿ ಬಿಡಂಗಿಲ್ಲ.’ ಬಾಳೆತೋಟದ ಬಾವಿಗಳಿಂದ ಎತ್ತುಗಳು ನೀರು ಜಗ್ಗುವ ತೊಗಲಿನ ಮೊಟ್ಟೆಗಳನ್ನೆಲ್ಲ ಅವನೇ ಹೊಲಿಯುತ್ತಿದ್ದ. ಆ ಒಂದು ಮಾತಿನಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು.

ವಿಲಾಯಿತಿಯಲ್ಲಿ ದೊಡ್ಡ ಯುದ್ಧ ನಡೆದಿದ್ದ ಕಾಲ. ಕಲಬುರಗಿಯ ನಾಗಣ್ಣ ಸಾವ್ಕಾರನ ಅರಳೆ ಪ್ರೆಸ್ಸಿನ ಮಿಸ್ತ್ರಿ ಬಂಡು ಒಂದು ದಿನ ಚಕ್ಕಡಿಯಲ್ಲಿ ಬಂದಿಳಿದ. ಸೋಲಾಪುರದಲ್ಲಿ ಕೆಲಸ ಕಲಿತ ಬಂಡು ಅರಳೆಯನ್ನು ಅಂಡಿಗೆಯಾಗಿ ಒತ್ತುವ ಆ ಯಂತ್ರದ ಜೊತೆಗೆ ಅದರ ಇಂಗ್ಲಿಷ್ ಹೆಸರುಗಳನ್ನೂ ತಂದಿದ್ದ. ಕೂಲಿಗಳು ಅವನ್ನು ಜಗಿದು ಉಗಿದು ತಮ್ಮದೇ ಹೆಸರಿಟ್ಟರು. ಸಿಲಿಂಡರ್ ‘ಬಾವಿ’ಯಾಯಿತು, ಅದರೊಳಗೆ ಏರಿಳಿಯುವ ಪಿಸ್ಟನ್ ‘ಒನಕೆ’. ಪಂಪು ತಳ್ಳುವ ನೀರಿನ ಒತ್ತಡಕ್ಕೆ ‘ದಮ್ಮು’ ಎಂದರು. ದಮ್ಮು ಮೀರಿದರೆ ಬುಸುಗುಡುವ ಸೇಫ್ಟಿ ವಾಲ್ವಿಗೆ ‘ಅತ್ತೆ’ ಎಂದು ಹೆಸರಿಟ್ಟವನಿಗೆ ಮನೆಯಲ್ಲಿ ಅದೇನು ಸುಖವಿತ್ತೋ ಶಿವನೇ ಬಲ್ಲ. ಒನಕೆಯ ಬುಡಕ್ಕೆ ಬಿಗಿದು, ನೀರು ಮೇಲೆ ನುಸುಳದಂತೆ ತಡೆಯುವ ಚರ್ಮದ ವಾಶರು ನೋಡಲು ಬಟ್ಟಲಿನ ಹಾಗಿತ್ತು. ಅದನ್ನು ‘ಬಟ್ಟಲು’ ಎಂದರು.

ಬಂಡು ಬಿರುಕು ಬಿಟ್ಟ ಹಳೆಯ ಬಟ್ಟಲನ್ನು ನಬಿಸಾಬನ ಮುಂದಿಟ್ಟ. “ಹಡಗಾ ಬಂದ್ ಆಗ್ಯಾವ. ಮುಂಬೈದಾಗ ಇದು ಸಿಗವಲ್ದು. ನೀ ಮಾಡ್ತಿಯೇನು?”

ನಬಿಸಾಬ ಅದರ ಅಂಚಿನ ಮೇಲೆ ಬೆರಳಾಡಿಸಿದ. “ಬಾಯಿ ಕೆಳಗ ಮಾಡಿ ಹಾಕ್ತೀರಲ್ಲರೀ?”

“ಹೌದು. ಕೆಳಗಿನ ನೀರು ಬಟ್ಟಲದಾಗ ತುಂಬಿ ಅಂಚು ಅಗಲಾಗ್ತದ, ಬಾವಿ ಗ್ವಾಡಿಗಿ ಅಂಟ್ಕೋತದ. ದಮ್ಮು ಹೆಚ್ಚಾದಷ್ಟೂ ಗಟ್ಟಿ.”

“ತಿಳೀತು ಬಿಡ್ರಿ. ನಮ್ಮ ಮೊಟ್ಟೀನೂ ಹಂಗೇ, ಭಾರ ಬಿದ್ದಷ್ಟೂ ಬಿಗೀತದ.”

ಎಮ್ಮೆಯ ತೊಗಲನ್ನು ನೆನೆಸಿ, ಕಟ್ಟಿಗೆಯ ಅಚ್ಚಿಗೆ ಬಡಿದು ಒಣಗಿಸಿದ. ಹೆಂಡತಿ ಚಾಂದಬಿ ಅಂಗೈ ಉರಿಯುವ ತನಕ ಅದಕ್ಕೆ ಕೊಬ್ಬು ತಿಕ್ಕಿದಳು. ಮಹಾನವಮಿಯ ಮುಂಜಾನೆ ನಬಿಸಾಬ ತನ್ನ ಕೂಸನ್ನು ತಂದಂತೆ ಅದನ್ನು ಅರಿವೆಯಲ್ಲಿ ಸುತ್ತಿಕೊಂಡು ಕಲಬುರಗಿಗೆ ಬಂದ. ಬಂಡು ಅದನ್ನು ಒನಕೆಗೆ ಬಿಗಿದು, ಬಾವಿಯ ಮೇಲೆ ಸರಪಳಿಯಿಂದ ತೂಗಿಬಿಟ್ಟ. ಬಾಯಿ ಕೆಳಗೇ ಇತ್ತು.

ಆಗ ಬಂದ ನಾಗಣ್ಣ ಸಾವ್ಕಾರ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಪೂಜೆಯ ತಾಟು.

“ಏ ಬಂಡು! ಮಾನವಮಿ ದಿನ ಬಟ್ಟಲಾ ಬೋರಲಾ ಹಾಕೀಯಲ್ಲೋ! ಅನ್ನ ತೀರಿದ ಮನ್ಯಾಗ ಭಾಂಡೆ ಬೋರಲಾ ಹಾಕ್ತಾರ. ನನ್ನ ಪ್ರೆಸ್ಸಿನಾಗ ಅನ್ನ ತೀರ್ಯದೇನು? ತಿರುವು ಅದನ್ನ!”

“ಸಾವ್ಕಾರ್ರ, ಇದು ಉಣ್ಣೋ ಬಟ್ಟಲಲ್ಲರೀ. ಮ್ಯಾಲ ಮಕ ಮಾಡಿದ್ರ ದಮ್ಮು ನಿಲ್ಲಂಗಿಲ್ಲ,” ಎಂದ ನಬಿಸಾಬ.

ಸಾವ್ಕಾರ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಂಡು ನಬಿಸಾಬನ ಕಿವಿಯಲ್ಲಿ, “ಪೂಜಾ ಮುಗೀಲಿ, ಮತ್ತ ಬರೋಬರಿ ಮಾಡ್ತೇನಿ,” ಎಂದು ಬಟ್ಟಲನ್ನು ಬಿಚ್ಚಿ, ಬಾಯಿ ಮೇಲೆ ಮಾಡಿ ಬಿಗಿದ. ಪೂಜೆಗೆ ಮುಂಚೆ ನಬಿಸಾಬನನ್ನು ಅಂಗಳದ ಬೇವಿನ ಬುಡಕ್ಕೆ ಕಳಿಸಿದರು. ತೊಗಲು ಒಳಗಿರಬಹುದು, ತೊಗಲಿನವನು ಇರಬಾರದು. ಇದು ಯಾವ ಮಡಿಯೋ, ಇಟ್ಟುಕೊಂಡವರಿಗೇ ಗೊತ್ತು.

ಮಂಗಳಾರತಿ ಮುಗಿದು ಅವನು ಒಳಗೆ ಬರುವಷ್ಟರಲ್ಲಿ ಒನಕೆ ಬಾವಿಗಿಳಿದಿತ್ತು.

“ತಿರುವಿದ್ರೇನ್ರೀ?”

“ಎಲ್ಲಾ ಬರೋಬರಿ ಅದ,” ಎಂದ ಬಂಡು, ಬೋಲ್ಟು ಬಿಗಿಯುವ ಪಾನಾ ಒರೆಸುತ್ತ. ಪೂಜೆಯಾದದ್ದನ್ನು ಬಿಚ್ಚಕೂಡದೆಂದು ಸಾವ್ಕಾರ ಹೇಳಿದ್ದ, ಇವನು ಹೂಂಗುಟ್ಟಿದ್ದ. ನಬಿಸಾಬ ನಂಬಿದ. ಪಾಪ, ನಂಬದೆ ಮಾಡುವುದೇನು?

ಮರುದಿನ ಬನ್ನಿ ಕೊಡಲು ಜಗತ್ ಪೇಟೆಯ ಅಡತಿ ವ್ಯಾಪಾರಿಗಳೆಲ್ಲ ಸೇರಿದ್ದರು. ಅವರ ಮುಂದೆಯೇ ಮೊದಲ ಅಂಡಿಗೆ ಒತ್ತಬೇಕೆಂದು ಸಾವ್ಕಾರನ ಹಟ. ಬಂಡು ನೀರಿನ ವಾಲ್ವ್ ತಿರುವಿದ. ಒನಕೆ ಒಂದು ಗೇಣು ಎದ್ದು ನಿಂತೇಬಿಟ್ಟಿತು, ಬಾವಿಯ ಬಾಯಿಂದ ನೀರು ಭರ್ರನೆ ಉಕ್ಕಿತು. ಅರಳೆ ತೊಯ್ದಿತು, ಸಾವ್ಕಾರನ ರೇಷ್ಮೆ ರುಮಾಲೂ ತೊಯ್ದಿತು. ಯಾರೋ ಕಿಸಕ್ಕನೆ ನಕ್ಕರು.

“ತೊಗಲಾ ಸೋರ್ತು!” ಎಂದ ಸಾವ್ಕಾರ.

“ಮ್ಯಾಲ ಎತ್ತ್ರಿ, ನೋಡೂಣು!” ನಬಿಸಾಬ ತಾನೇ ಸರಪಳಿಗೆ ಕೈ ಹಾಕಿದ. ಒನಕೆ ಮೇಲೆ ಬಂತು. ಬಟ್ಟಲು ಆಕಾಶ ನೋಡುತ್ತಿತ್ತು, ಅಂಚಿನ ತನಕ ನೀರು ತುಂಬಿ ನಿಂತಿತ್ತು, ತಳದಿಂದ ಒಂದು ಹನಿ ಬೀಳುತ್ತಿರಲಿಲ್ಲ.

“ತೊಗಲಾ ಸೋರಿದ್ರ ಇದರಾಗ ನೀರು ಹೆಂಗ ನಿಂತಾವರೀ? ಎಲ್ಲಾರೂ ನೋಡ್ರಿ! ಬಂಡೂರಾವ್, ನೀವಾರೆ ಹೇಳ್ರಿ!”

ಎಲ್ಲರೂ ನೋಡಿದರು. ಸಾವ್ಕಾರನೂ ನೋಡಿದ, ಆಮೇಲೆ ಬಂಡುವಿನ ಮುಖ ನೋಡಿದ. ಬಂಡುವಿಗೆ ಮನೆಯಲ್ಲಿ ಹೆಂಡತಿ ಸಾವಿತ್ರೀಬಾಯಿ, ಸಾಲಾಗಿ ಮಕ್ಕಳು.

“ತೊಗಲಾ ಕಚ್ಚಾ ಅದ ರೀ,” ಎಂದ ಬಂಡು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಬಿಸಾಬ ಬಟ್ಟಲನ್ನು ಬಿಚ್ಚಿಸಿಕೊಂಡು, ಯಾರಿಗೂ ಸಲಾಮು ಹೇಳದೆ ಹೊರಬಿದ್ದ. ಅವನು ನಡೆದು ಊರು ಮುಟ್ಟುವುದರೊಳಗೆ ಸುದ್ದಿ ಚಕ್ಕಡಿ ಹತ್ತಿ ಮುಂದೆ ಹೋಗಿತ್ತು.

ಮುಂದೆ ಹೇಗೋ ಮುಂಬೈಯಿಂದ ಬೇರೆ ತೊಗಲು ಬಂತು. ಬಂಡು ಈ ಸಲ ಅದನ್ನು ಬಟ್ಟಲು ಎನ್ನಲು ಯಾರಿಗೂ ಬಿಡಲಿಲ್ಲ. ‘ವಾಶರ್’ ಎಂದ, ಬೋರಲಾಗಿಯೇ ಹಾಕಿದ. ವಾಶರಿಗೆ ಯಾವ ಶಾಸ್ತ್ರವೂ ಇರಲಿಲ್ಲ. ಸಾವ್ಕಾರ ಅದಕ್ಕೂ ವಿಭೂತಿ ಹಚ್ಚಿದ, ಪ್ರೆಸ್ಸು ಗಡದ್ದಾಗಿ ಓಡಿತು.

ಕಮಲಾಪುರದಲ್ಲಿ ಹೊಸ ಮೊಟ್ಟೆ ಹೊಲಿಸುವವರು ಹುಮನಾಬಾದಿನ ದಾರಿ ಹಿಡಿದರು. ಚಾಂದಬಿ ಬಟ್ಟಲಿನ ತಳದಲ್ಲಿ ಬೋಲ್ಟು ಕೂತಿದ್ದ ತೂತಿಗೆ ಬೆಣೆ ಬಡಿದು ಕೋಳಿಗಳಿಗೆ ನೀರಿಟ್ಟಳು. ಬಾಳೆತೋಟದ ದೌಲಪ್ಪ ಒಂದು ದಿನ ಬಂದ, ಹೊಲಿಯಲು ಕೊಟ್ಟಿದ್ದ ತೊಗಲನ್ನು ಹಾಗೇ ಹಿಂದಕ್ಕೆ ಒಯ್ಯಲು. ಹೊರಟವನು ಕೋಳಿಗಳನ್ನು ನೋಡಿ ನಿಂತ.

“ಭಾರಿ ಛಲೋ ಬಟ್ಟಲಾ ನಬಿಸಾಬ. ಮುಂಜಾನಿಂದ ನೀರು ಹಂಗೇ ಅದಾವಲ್ಲ! ಯಾರು ಮಾಡ್ಯಾರ?”

ನಬಿಸಾಬ ಎದ್ದು ಬಂದ. ನೀರು ಚೆಲ್ಲಿದ, ಬಟ್ಟಲನ್ನು ದೌಲಪ್ಪನ ಕಾಲಬುಡದಲ್ಲಿ ಬೋರಲು ಹಾಕಿದ.

“ಈಗ ಬರೋಬರಿ ಅದ ರೀ,” ಎಂದ. “ನಮ್ಮ ಮನ್ಯಾಗ ಅನ್ನ ತೀರ್ಯದ.”