ದೋಣಿಯಂಥ ಹಂಡೆ

ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯವನು ಗಾಜಿನ ಮೇಲೆ ಮೂರು ಲೆನ್ಸು ಇಟ್ಟ. ಅಂಕಿ ಇಳಿದಷ್ಟೂ ನೋಟ ಅಗಲ; ಇಪ್ಪತ್ತೆಂಟು ಎಂಎಂನದು ಸಣ್ಣ ಕೋಣೆಗೆ ಸಾಲದು, ಮನೆಯ ಫೋಟೊಗೆ ಇಪ್ಪತ್ತನಾಲ್ಕರದು ಸರಿ ಎಂದ. ಹದಿನೇಳರದು ಕೋಳಿಗೂಡನ್ನೂ ಮದುವೆ ಮಂಟಪ ಮಾಡುತ್ತದೆ. ಆದರೆ ದುಂಡಗಿನ ಸಾಮಾನು ಚಿತ್ರದ ಅಂಚಿಗೆ ಬಂದರೆ ಎಳೆದಂತೆ ಉದ್ದವಾಗುತ್ತದೆ, ಅದನ್ನು ನೋಡಿಕೊಳ್ಳಬೇಕು.

ಉದಯಕುಮಾರ ಹದಿನೇಳರದನ್ನೇ ಬಾಡಿಗೆಗೆ ತಂದ.

ದಾಂಡೇಲಿಯಲ್ಲಿ ಅವನದು ಸಣ್ಣ ಸ್ಟುಡಿಯೊ. ಈಗ ಮನೆಯ ಫೋಟೊ ಬೇಕಾದದ್ದು ದಲಾಲ ಶಂಕ್ರಪ್ಪನಿಗೆ. ಆದರೆ ಬಂಗೂರನಗರದ ಮಗ್ಗುಲಿನ ಆ ಮನೆ ಮೊದಲು ಉದಯನ ಅಕ್ಕ ತಾಯವ್ವನದಾಗಿತ್ತು. ಗಂಡ ಸತ್ತ ಮೇಲೆ ಆಕೆ ಅದನ್ನು ಮಾರಲು ಹೊರಟಾಗ ಶಂಕ್ರಪ್ಪ ಕಿಟಕಿ ಮುಚ್ಚಿಸಿ, ಬಾಗಿಲಲ್ಲಿ ನಿಂತು, ತನ್ನ ಪುಟ್ಟ ಕ್ಯಾಮೆರಾದಲ್ಲಿ ಒಂದೊಂದೇ ಮೂಲೆ ಹೊಡೆದಿದ್ದ. ಒಂದು ಪ್ರತಿಯನ್ನು ಆಕೆಗೂ ಕೊಟ್ಟಿದ್ದ. ಆ ಫೋಟೊ ನೋಡಿ ಯಾರೂ ಮನೆಯತ್ತ ಬರಲಿಲ್ಲ. ಇಲಿಬಿಲವನ್ನು ಯಾರು ಕೊಳ್ಳುತ್ತಾರೆ ಎಂದು ಮರುಕಪಟ್ಟು, ಕೊನೆಗೆ ಅವನೇ ಅಗ್ಗಕ್ಕೆ ಕೊಂಡ. ಬಿಟ್ಟು ಹೋಗುವ ದಿನ ತಾಯವ್ವ ಬಚ್ಚಲಿನ ತಾಮ್ರದ ಹಂಡೆ ಕೇಳಿದಳು, ತವರಿನದು. ಒಲೆಗೆ ಕಟ್ಟಿದ್ದು ಮನೆಗೇ ಸೇರುತ್ತದೆ ಎಂದ ಶಂಕ್ರಪ್ಪ.

ಅಂದಿನಿಂದ ಆಕೆ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಸ್ಟೋವಿನ ಮೇಲೆ ನೀರು ಕಾಯಿಸುತ್ತಿದ್ದಳು. ಮನೆ ಮಾರಿ ಬಂದ ಹಣವನ್ನು ಮುಟ್ಟಿರಲಿಲ್ಲ. ಉದಯ ಯಾರ ಮುಂದೆಯೂ ಶಂಕ್ರಪ್ಪನನ್ನು ಬಯ್ಯಲಿಲ್ಲ. ಸಿಟ್ಟು ಕೂಗಿದರೆ ಖರ್ಚಾಗುತ್ತದೆ; ಅವನು ಉಳಿಸಿಟ್ಟಿದ್ದ.

ಆಗಷ್ಟೇ ಗೋವಾದವರು ದಾಂಡೇಲಿಯಲ್ಲಿ ಮನೆ ಹುಡುಕತೊಡಗಿದ್ದರು. ಫೋಟೊದಲ್ಲಿ ಮನೆ ಎಷ್ಟಾಗುತ್ತದೋ ಅಷ್ಟು ದೊಡ್ಡದಾಗಬೇಕು, ಬಚ್ಚಲೂ ಬಿಡಬಾರದು ಎಂದು ಶಂಕ್ರಪ್ಪ ಹೇಳಿದ್ದ. ಉದಯ ಹಾಗೆಯೇ ಮಾಡಿದ. ನಡುಮನೆ ಬಯಲಿನಂತಾಯಿತು. ಬಚ್ಚಲಲ್ಲಿ ಮಾತ್ರ ಅವನು ಗೋಡೆಗೆ ಬೆನ್ನು ಹಚ್ಚಿ ಕುಕ್ಕರಗಾಲಲ್ಲಿ ಕೂತು, ಹಂಡೆ ಸರಿಯಾಗಿ ಅಂಚಿಗೆ ಬರುವವರೆಗೆ ಸರಿದ.

ಫೋಟೊ ನೋಡಿ ಶಂಕ್ರಪ್ಪ ಹಿಗ್ಗಿದ. 'ಹಂಡೆನೂ ದೊಡ್ಡದ ಮಾಡೀಯಲ್ಲೋ.'

'ನೀವ ದೊಡ್ಡದ ಬೇಕಂದ್ರಿ,' ಎಂದ ಉದಯ.

ಮರುವಾರ ಫೋಂಡಾದಿಂದ ಗೋದುಬಾಯಿ ಗಂಡನೊಂದಿಗೆ ಬಂದಳು. ಹಳಿಯಾಳದಲ್ಲಿ ಬೆಳೆದ ಹೆಂಗಸು. ಶಂಕ್ರಪ್ಪ ಅವರನ್ನು ಮೊದಲು ಸ್ಟುಡಿಯೊಗೇ ಕರೆತಂದು ಫೋಟೊ ಹರಡಿದ. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆ, ಮುಂಗಡ ಈಗಲೇ ಕೊಟ್ಟರೆ ಒಳ್ಳೆಯದು ಎಂದ. ಗಂಡ ಜೇಬಿಗೆ ಕೈ ಹಾಕಿದ. ಗೋದುಬಾಯಿಯ ಬೆರಳು ಬಚ್ಚಲಿನ ಫೋಟೊದ ಮೇಲೆ ನಿಂತಿತು.

'ಈ ಹಂಡೆ ಯಾಕ ದೋಣಿ ಆಗೇತ್ರಿ?'

ಹಳೇ ಕಾಲದ್ದು, ಆಗಿನವರು ಹಾಗೆ ಮಾಡುತ್ತಿದ್ದರು ಎಂದ ಶಂಕ್ರಪ್ಪ.

'ಹಂಡೆ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ್ರಿ. ದುಂಡಗಿಲ್ಲದ ಹಂಡೆ ನಾ ಕಂಡಿಲ್ಲ.' ಉದಯನತ್ತ ತಿರುಗಿದಳು. 'ಹಂಡೆ ಎಳದದ್ದು ಗ್ವಾಡಿನೂ ಎಳದಿರಬೇಕಲ್ಲ ತಮ್ಮಾ?'

'ಎಳದೈತ್ರಿ ಅಕ್ಕಾರ.'

ಗಂಡನ ಕೈ ಜೇಬಿನಿಂದ ಬರಿದೇ ಹೊರಬಂತು. ಅವರು ಮನೆಯನ್ನು ನೋಡದೆಯೇ ಹೋದರು.

ಅನಮೋಡ ಘಾಟ್ ದಾಟಿ ಗೋವಾಕ್ಕೆ ಹೋಗುವ ಬಸ್ಸಿನಲ್ಲೇ ಸುದ್ದಿ ಹಬ್ಬಿತೋ ಏನೋ, ದೋಣಿಹಂಡೆ ದಲಾಲ ಎಂಬ ಹೆಸರು ಶಂಕ್ರಪ್ಪನಿಗೆ ಅಂಟಿತು. ಗೋವಾದ ಗಿರಾಕಿಗಳು ಅವನನ್ನು ಬಿಟ್ಟು ಬೇರೆಯವರನ್ನು ಹಿಡಿದರು. ಮನೆಗಾಗಿ ಮಾಡಿದ ಸಾಲದ ಬಡ್ಡಿ ಬೆಳೆಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಸ್ಟುಡಿಯೊದ ಬೆಂಚಿನ ಮೇಲೆ ಬಂದು ಕೂತು, ಅಕ್ಕನ ಮನೆ ಅಕ್ಕನಿಗೇ ಸೇರಲಿ, ಒಂದು ಒಳ್ಳೆ ಬೆಲೆ ಹೇಳು ಎಂದ.

ಉದಯ ಅವನ ಹಳೆಯ ಫೋಟೊಗಳನ್ನೇ ತಂದು ಮುಂದಿಟ್ಟ. 'ಇಲಿಬಿಲದ ಬೆಲಿ ನೀವ ಕಟ್ಟೀರಿ. ಅದ ಕೊಡ್ತೇವಿ, ಒಂದ ರೂಪಾಯಿ ಮ್ಯಾಲಿಲ್ಲ.'

ಶಂಕ್ರಪ್ಪ ಫೋಟೊಗಳನ್ನು ಮಗುಚಿ ಹಾಕಿದ. ಕೊನೆಗೆ ಒಪ್ಪಿದ. ಹಂಡೆಯನ್ನಾದರೂ ತಾನು ಒಯ್ಯುತ್ತೇನೆ, ತಾಮ್ರಕ್ಕೆ ಏನಾದರೂ ಬಂದೀತು ಎಂದು, ಹಿಂದಿನ ಕೋಣೆಯ ಬಾಗಿಲಲ್ಲಿ ಕೂತಿದ್ದ ತಾಯವ್ವನ ಮುಖ ನೋಡಿದ.

'ಒಲಿಗೆ ಕಟ್ಟಿದ್ದು ಮನಿಗೇ ಸೇರತೈತಿ, ಅಣ್ಣಾ,' ಎಂದಳು ಆಕೆ.

ಯಾರು ಬಂದರೂ ಚಹಾಕ್ಕೆ ಇಡುವ ತಾಯವ್ವ ಅವತ್ತು ಕೂತಲ್ಲಿಂದ ಏಳಲಿಲ್ಲ.